ಫಸ್ಟ್ ಸೆಮ್‌ಗೆ ಮುಂಚೆಯೇ ಮ್ಯಾಟ್‌ಲ್ಯಾಬ್ ಕೋರ್ಸು: ತಮ್ಮನ್ನ ಸೇರಿಸ್ಲಾ, ಬೇಡ್ವಾ?

ವಿದ್ಯಾನಗರದ_ಅಕ್ಕ
ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಸಿಇಟಿಯಲ್ಲಿ ಇಲ್ಲೇ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಸೀಟು ಆಗಿದೆ. ಕ್ಲಾಸು ಶುರುವಾಗೋಕೆ ಇನ್ನೂ ಟೈಮಿದೆ. ಅಷ್ಟರಲ್ಲಿ ಊರಿನ ಒಂದು ಕೋಚಿಂಗ್ ಸೆಂಟರಿನವರು ಫಸ್ಟ್ ಇಯರ್ ಹುಡುಗರಿಗೆ ಅಂತಲೇ ಗಣಿತದ ಸಾಫ್ಟ್‌ವೇರ್ ಕೋರ್ಸ್ ಇಟ್ಟಿದ್ದಾರೆ. ಮೂರು ವಾರ, ಮ್ಯಾಟ್‌ಲ್ಯಾಬ್ ಮತ್ತು ಸೈಲ್ಯಾಬ್, ಕೊನೆಗೊಂದು ಸರ್ಟಿಫಿಕೇಟು. ಫೀಸು 6,500. ಗೆಳೆಯರೆಲ್ಲ ಸೇರ್ತಿದ್ದಾರೆ ಅಂತ ಇವನೂ ಹಟ ಹಿಡಿದಿದ್ದಾನೆ. ಅಪ್ಪ "ಮೊದ್ಲು ಗಣಿತ ಕಲೀಲಿ, ಮಷೀನು ಆಮೇಲೆ" ಅಂತಾರೆ. ನಾನು ಓದಿದ್ದು ಬಿಕಾಂ, ಇದರ ತಲೆಬುಡ ಗೊತ್ತಿಲ್ಲ. ಪಿಯು ಗಣಿತದಲ್ಲಿ ಅವನಿಗೆ ಒಳ್ಳೆ ಮಾರ್ಕ್ಸ್ ಇದೆ, ಕಂಪ್ಯೂಟರ್ ಅಂದ್ರೆ ಮಾತ್ರ ಬರೀ ಗೇಮು. ತಿಳಿದವರು ಹೇಳಿ.

ಮೂರನೇ_ಸೆಮ್
ಅಕ್ಕ, 6,500 ಉಳಿಸಿ, ಲ್ಯಾಪ್‌ಟಾಪಿಗೆ ಒಂದು ಎಸ್‌ಎಸ್‌ಡಿ ಹಾಕಿಸಿ. ಈ ಲ್ಯಾಬ್ ಕಾಲೇಜಲ್ಲೇ ಬರುತ್ತೆ. ವಿಟಿಯು 2022ರ ಸ್ಕೀಮಿನಲ್ಲಿ, ಅಂದ್ರೆ ಪಠ್ಯಕ್ರಮದಲ್ಲಿ, ಫಸ್ಟ್ ಸೆಮ್ ಗಣಿತಕ್ಕೇ ಲ್ಯಾಬ್ ಜೋಡಿಸಿದ್ರು. ಕರ್ವ್ ಪ್ಲಾಟ್ ಮಾಡೋದು, ರೇಡಿಯಸ್ ಆಫ್ ಕರ್ವೇಚರ್, ಜಾಕೋಬಿಯನ್, ಗಾಸ್-ಸೈಡಲ್ (ಊಹೆಯಿಂದ ಶುರು ಮಾಡಿ ಸುತ್ತು ಸುತ್ತಾಗಿ ಸಮೀಕರಣ ಬಿಡಿಸೋದು), ಐಗನ್ ವ್ಯಾಲ್ಯೂಗೆ ಪವರ್ ಮೆಥಡ್, ಎಲ್ಲ ಇದೆ. ಅವನ ಬ್ಯಾಚಿಗೆ ಯಾವ ಸ್ಕೀಮು ಅಂತ ಸಿಲಬಸ್ ಪ್ರತಿ ತೆಗೆಸಿ ನೋಡ್ಕೊಳ್ಳಿ.

ಆದ್ರೆ ಉಳಿದದ್ದನ್ನೂ ಹೇಳ್ಬೇಕು. ನಮ್ಮ ಬ್ಯಾಚಲ್ಲಿ ಲ್ಯಾಬ್ ಅಂದ್ರೆ ಮ್ಯಾನುಯಲ್ ನೋಡ್ಕೊಂಡು ಟೈಪಿಸೋದು, ಪ್ರಿಂಟ್ ತೆಗೆದು ರೆಕಾರ್ಡಿಗೆ ಅಂಟಿಸೋದು, ಸಹಿ ಹಾಕಿಸ್ಕೊಳ್ಳೋದು. ಜಾಕೋಬಿಯನ್ ಅಂದ್ರೆ ಏನು ಅಂತ ಈಗ ಯಾರೂ ಕೇಳ್ಬೇಡಿ.

ಕೋಡ್_ಕೂಲಿ
ನಾನೂ ದಾವಣಗೆರೆಯವನೇ, ಈಗ ಬೆಂಗಳೂರಲ್ಲಿ ಕೋಡ್ ಬರೆದು ಹೊಟ್ಟೆ ಹೊರೀತಿದ್ದೀನಿ. ಆಫೀಸಲ್ಲಿ ಮ್ಯಾಟ್‌ಲ್ಯಾಬ್ ಹೆಸರೇ ಕಿವಿಗೆ ಬಿದ್ದಿಲ್ಲ. ಪೈಥಾನ್ ಭಾಷೆ ಕಲಿಸಿ, ಅದರ ಲೆಕ್ಕದ ಲೈಬ್ರರಿ ನಮ್‌ಪೈ ಕಲಿಸಿ, ಮುಗೀತು. ಅದಾದ್ರೂ ಯಾಕೆ, ಈಗ ಎಐ ಕೇಳಿದ್ರೆ ಪ್ರೋಗ್ರಾಮ್ ಬರೆದು, ಇಂಟಿಗ್ರಲ್ ಬಿಡಿಸಿ, ವಿವರಣೆ ಸಮೇತ ಕೈಗೆ ಕೊಡುತ್ತೆ. ಇಂಥ ಕೋರ್ಸಿಗೆ ದುಡ್ಡು ಸುರಿಯೋ ಕಾಲ ಹೋಯ್ತು.

ಗಾಳಿಯಂತ್ರ
ಕೂಲಿಯವ್ರೇ, ನಿಮ್ಮ ಆಫೀಸಲ್ಲಿ ಇಲ್ಲ ಅಂದಾಕ್ಷಣ ಪ್ರಪಂಚದಲ್ಲೇ ಇಲ್ಲ ಅಂತಲ್ಲ. ವಾಹನ, ವಿಮಾನ, ಕಂಟ್ರೋಲ್ ಸಿಸ್ಟಂ ಕಡೆ ಹೋದ್ರೆ ಮ್ಯಾಟ್‌ಲ್ಯಾಬು, ಅದರ ಜೊತೆಗಾರ ಸಿಮ್ಯುಲಿಂಕು ಇಲ್ದೆ ಕೆಲಸ ಸಾಗಲ್ಲ. ಹುಡುಗ ಮೆಕ್ಯಾನಿಕಲ್, ಮರೀಬೇಡಿ.

ಬಿಳಿ_ಹಲಗೆ
ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಅಪ್ಪನ ಮಾತಿಗೆ ಅರ್ಧ ಒಪ್ಪುತ್ತೇನೆ. ಯಾವ ಅರ್ಧ ಎಂದು ವಿವರಿಸಬೇಕು.

ನಮ್ಮ ಹುಡುಗರು ಸಿಇಟಿಯಿಂದ ಬರುತ್ತಾರೆ. ಗಣಿತದ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಎರಡು ವರ್ಷ ಅವರ ಕೈ ಪಳಗಿರುವುದು ನಾಲ್ಕು ಆಯ್ಕೆಗಳಲ್ಲಿ ಮೂರನ್ನು ಹೊಡೆದುಹಾಕುವುದರಲ್ಲಿ. ಅದೂ ಒಂದು ಜಾಣತನವೇ, ನಾನು ಹೀಗಳೆಯುವುದಿಲ್ಲ. ಆದರೆ ಸಾಫ್ಟ್‌ವೇರಿನ ಎದುರು ಕುಳಿತಾಗ ಆಯ್ಕೆಗಳೇ ಇರುವುದಿಲ್ಲ. ಪರದೆಯ ಮೇಲೆ ಬಂದ ಒಂದೇ ಸಂಖ್ಯೆಯನ್ನು ಹುಡುಗ ದೇವರ ವಾಕ್ಯ ಎಂದು ರೆಕಾರ್ಡಿಗೆ ಇಳಿಸುತ್ತಾನೆ.

ಸೈನ್ 90 ಎಷ್ಟು ಎಂದು ಬಾಯಲ್ಲಿ ಕೇಳಿ, ತಡವಿಲ್ಲದೆ 1 ಅನ್ನುತ್ತಾರೆ. ಮ್ಯಾಟ್‌ಲ್ಯಾಬಿನಲ್ಲಿ ಅದನ್ನೇ ಟೈಪಿಸಿದರೆ 0.8940 ಬರುತ್ತದೆ, ಏಕೆಂದರೆ ಅದು 90ನ್ನು ಡಿಗ್ರಿ ಎಂದಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಎಂದುಕೊಳ್ಳುತ್ತದೆ. ಮೈನಸ್ 8ರ ಘನಮೂಲ ಮೈನಸ್ 2 ಎಂದು ಹೈಸ್ಕೂಲಿನಲ್ಲೇ ಕಲಿತಿರುತ್ತಾರೆ. ಮೈನಸ್ 8ಕ್ಕೆ ಮೂರನೇ ಒಂದು ಘಾತ ಹಾಕಿ ನೋಡಿ, ಯಂತ್ರ 1 ಪ್ಲಸ್ 1.7321 ಐ ಎಂಬ ಸಂಕೀರ್ಣ ಸಂಖ್ಯೆ ಕೊಡುತ್ತದೆ. ಅದೂ ತಪ್ಪಲ್ಲ. ಮೂರು ಘನಮೂಲಗಳಲ್ಲಿ ಅದು ಆರಿಸಿಕೊಂಡದ್ದು ಬೇರೆ, ಅಷ್ಟೇ. ಇಲ್ಲಿ "ಅರೆ, ಇದೇನಿದು" ಎಂದು ನಿಲ್ಲುವ ಹುಡುಗನಿಗೆ ಕೋರ್ಸು ದಕ್ಕುತ್ತದೆ. ನಿಲ್ಲದವನಿಗೆ ಉಳಿಯುವುದು ಸರ್ಟಿಫಿಕೇಟು.

ಆದ್ದರಿಂದ ಸೆಂಟರಿನವರನ್ನು ಒಂದೇ ಮಾತು ಕೇಳಿ ನೋಡಿ ತಾಯಿ: ಎಂಟರ್ ಒತ್ತುವ ಮುಂಚೆ ಉತ್ತರ ಸುಮಾರು ಎಷ್ಟಿರಬಹುದೆಂದು ಹುಡುಗರಿಂದ ಬರೆಸುತ್ತೀರಾ?

ಪೆಂಗ್ವಿನ್_ಹರಿಹರ
ಸರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಪೈಥಾನಿನ ಬೀಜಗಣಿತದ ಲೈಬ್ರರಿ ಸಿಮ್‌ಪೈಗೆ 1 ಬೈ ಎಕ್ಸ್ ಇಂಟಿಗ್ರೇಟ್ ಮಾಡು ಅನ್ನಿ. ಲಾಗ್ ಎಕ್ಸ್ ಅಂತ ಕೊಟ್ಟು ಸುಮ್ಮನಾಗುತ್ತೆ. ಮಾಡ್ಯುಲಸ್ಸೂ ಇಲ್ಲ, ಪ್ಲಸ್ ಸಿ ಕೂಡ ಇಲ್ಲ. ಪರೀಕ್ಷೆಯಲ್ಲಿ ಹಾಗೇ ಬರೆದ್ರೆ ಮಾರ್ಕ್ಸ್ ಹೋಯ್ತು.

ಈಗ ಫೀಸಿನ ವಿಚಾರ. 6,500 ಕೊಟ್ಟು ಕಲಿಯೋ ವಸ್ತುವೇ ಅಲ್ಲ ಇದು. ಸೈಲ್ಯಾಬ್ ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, ಪೂರ್ತಿ ಉಚಿತ. ಆಕ್ಟೇವ್ ಕೂಡ ಉಚಿತ, ಮ್ಯಾಟ್‌ಲ್ಯಾಬಿನ ಭಾಷೆಯನ್ನೇ ಬಹುಪಾಲು ಮಾತಾಡುತ್ತೆ. ಹೆಸರು ಕೇಳಿ ಸಂಗೀತದ್ದು ಅಂದ್ಕೋಬೇಡಿ. 1992ರಲ್ಲಿ ಅದನ್ನ ಬರೆಯೋಕೆ ಕೂತ ಜಾನ್ ಈಟನ್, ತಮಗೆ ಕೆಮಿಕಲ್ ಇಂಜಿನಿಯರಿಂಗ್ ಕಲಿಸಿದ ಆಕ್ಟೇವ್ ಲೆವೆನ್‌ಸ್ಪೀಲ್ ಅನ್ನೋ ಮೇಷ್ಟ್ರ ಹೆಸರಿಟ್ರು. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸೈಲ್ಯಾಬ್ ಪಾಠಗಳು ಕನ್ನಡದ ಧ್ವನಿಯಲ್ಲೇ ಇವೆ. ಮ್ಯಾಟ್‌ಲ್ಯಾಬೇ ಬೇಕು ಅಂದ್ರೆ ಕಂಪನಿಯವರದ್ದೇ ಆನ್‌ರ‍್ಯಾಂಪ್ ಅನ್ನೋ ಪರಿಚಯ ಪಾಠ ಇದೆ, ಸುಮಾರು ಎರಡು ಗಂಟೆ, ದುಡ್ಡಿಲ್ಲ, ಬ್ರೌಸರಿನಲ್ಲೇ ನಡೆಯುತ್ತೆ.

ಒಂದು ಕೈಮುಗಿದು ಕೇಳ್ಕೊಳ್ಳೋದು: ಪೆನ್‌ಡ್ರೈವಲ್ಲಿ ಓಡಾಡೋ ಕ್ರ್ಯಾಕ್ ಮಾಡಿದ ಮ್ಯಾಟ್‌ಲ್ಯಾಬ್ ಹಾಕಿಸ್ಬೇಡಿ. ಕಳ್ಳಮಾಲು, ಜೊತೆಗೆ ವೈರಸ್ಸಿನ ಉಡುಗೊರೆ.

ಜಗಳೂರು_ಹುಡ್ಗಿ
ಇಲ್ಲಿ ಎಲ್ಲರೂ ಸಾಫ್ಟ್‌ವೇರ್ ಹೆಂಗೆ ಮೋಸ ಮಾಡುತ್ತೆ ಅಂತಲೇ ಹೇಳ್ತಿದ್ದೀರಿ. ನನ್ನ ಕಡೆಯಿಂದ ಉಲ್ಟಾ ಮಾತು ಕೇಳ್ರಿ.

ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಫಸ್ಟ್ ಸೆಮ್ಮಲ್ಲಿ ಪೋಲಾರ್ ಕರ್ವ್ಸ್ ಶುರುವಾದಾಗ ಸರ್ ಇಂಗ್ಲಿಷಲ್ಲಿ ಹೇಳೋದು ಅರ್ಧ, ಬೋರ್ಡಿನ ಚಿತ್ರ ಅರ್ಧ, ಎರಡೂ ಸೇರಿ ನನಗೆ ಸೊನ್ನೆ. ಕಾರ್ಡಿಯಾಯ್ಡ್ ಅಂದ್ರೆ ಹೃದಯದಾಕಾರ ಅಂದ್ರು. ಯಾಕೆ ಆ ಆಕಾರ ಬರುತ್ತೆ? ಕೈ ಎತ್ತಿ ಕೇಳೋಕೆ ನಾಚಿಕೆ. ಹಾಸ್ಟೆಲಿಗೆ ಬಂದು ಫೋನಲ್ಲಿ ಜಿಯೋಜೀಬ್ರಾ ಅನ್ನೋ ಗ್ರಾಫ್ ಬಿಡಿಸೋ ಆ್ಯಪ್ ಹಾಕ್ಕೊಂಡೆ. ಪೋಲಾರಲ್ಲಿ ಆರ್ ಅಂದ್ರೆ ಕೇಂದ್ರದಿಂದ ದೂರ, ಥೀಟಾ ಅಂದ್ರೆ ಕೋನ. ಆರ್ ಅಂದ್ರೆ 1 ಪ್ಲಸ್ ಕೆ ಕಾಸ್ ಥೀಟಾ ಅಂತ ಕೊಟ್ಟು, ಕೆಗೆ ಒಂದು ಸ್ಲೈಡರ್ ಇಟ್ಟೆ. ಕೆ ಸೊನ್ನೆ ಇದ್ರೆ ಸುಮ್ನೆ ವೃತ್ತ. ನಿಧಾನಕ್ಕೆ ಜರುಗಿಸಿದ್ರೆ ಎಡಗಡೆ ತಗ್ಗು ಬೀಳ್ತಾ ಬರುತ್ತೆ. ಸರಿಯಾಗಿ 1ಕ್ಕೆ ಬಂದಾಗ ಆ ತಗ್ಗು ಕೇಂದ್ರ ಮುಟ್ಟಿ ಚೂಪಾಗುತ್ತೆ, ಅದೇ ಕಾರ್ಡಿಯಾಯ್ಡು. 1 ದಾಟಿ 2ರ ಕಡೆ ಹೋದ್ರೆ ಒಳಗಡೆ ಒಂದು ಸಣ್ಣ ಕುಣಿಕೆ ಬಿಚ್ಕೊಳುತ್ತೆ. ಯಾಕಪ್ಪಾ ಅಂತ ಯೋಚಿಸಿದ್ರೆ, ಕೆ 1ಕ್ಕಿಂತ ಜಾಸ್ತಿ ಆದಾಗ ಕೆಲವು ಕೋನಗಳಲ್ಲಿ ಆರ್ ಮೈನಸ್ ಆಗುತ್ತೆ, ಬಿಂದು ಎದುರು ದಿಕ್ಕಿಗೆ ಹೋಗಿ ಕೂರುತ್ತೆ. ಇದನ್ನ ನನಗೆ ಯಾರೂ ಹೇಳ್ಕೊಟ್ಟಿಲ್ಲ.

ಮನೇಲಿ ಕೇಳೋಕೆ ಇಂಜಿನಿಯರ್ ಮಾವ, ಟ್ಯೂಷನ್ ಮೇಷ್ಟ್ರು ಇರೋರಿಗೆ ಇದು ಅರ್ಥ ಆಗಲ್ಲ. ಒಂದೇ ಪ್ರಶ್ನೆನ ನೂರು ಸಲ ಕೇಳಿದ್ರೂ ಮುಖ ಸಿಂಡರಿಸದೇ ಇರೋದು ಅದೊಂದೇ. ಅದಕ್ಕೇ ನಾನಂತೂ ಫಸ್ಟ್ ಸೆಮ್ಮಿಗೇ ಬೇಕು ಅಂತೀನಿ. ಕೋಚಿಂಗಿಗೆ ದುಡ್ಡು ಕೊಡೋದು ಬೇರೆ ಮಾತು.

ಬಿಳಿ_ಹಲಗೆ
ಜಗಳೂರಿನ ಮಗಳೇ, ನನ್ನ ಉಳಿದ ಅರ್ಧವನ್ನು ನೀನೇ ಹೇಳಿಬಿಟ್ಟೆ. ಸೀಮೆಸುಣ್ಣ ಹಿಡಿದು ಆ ಸ್ಲೈಡರ್ ತೋರಿಸಲು ನನ್ನಿಂದ ಆಗುತ್ತಿರಲಿಲ್ಲ.

ಕೋಡ್_ಕೂಲಿ
ಚೆನ್ನಾಗಿದೆ. ಆದ್ರೆ ಇದಕ್ಕೆ ಕೋರ್ಸ್ ಬೇಕಾಗ್ಲಿಲ್ಲ ಅಲ್ವಾ, ಫೋನ್ ಸಾಕಾಯ್ತು. ನಾನು ಹೇಳಿದ್ದೂ ಅದನ್ನೇ.

ಬಿಡಿಟಿ_ಹಳೇಹುಲಿ
ನಾನು ಎಪ್ಪತ್ತರ ದಶಕದಲ್ಲಿ ಇಲ್ಲಿನ ಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಸಿವಿಲ್ ಓದಿದವನು. 1951ರಲ್ಲಿ ಶುರುವಾದ ಕಾಲೇಜು, ಆಗ ಈ ಭಾಗದ ಹಳ್ಳಿ ಹುಡುಗರ ಕನಸೇ ಅದು. ನಮ್ಮ ಕೈಯಲ್ಲಿದ್ದ ಸಾಫ್ಟ್‌ವೇರ್ ಅಂದ್ರೆ ಸ್ಲೈಡ್ ರೂಲು, ಪಟ್ಟಿ ಜರುಗಿಸಿ ಗುಣಾಕಾರ ಭಾಗಾಕಾರ ಮಾಡೋ ಸಾಧನ. ಈಗಿನವರು ನೋಡಿರಲಿಕ್ಕಿಲ್ಲ. 23ನ್ನು 41ರಿಂದ ಗುಣಿಸಿದ್ರೆ ಅದರ ಮೇಲೆ 9, 4, ಆಮೇಲೆ ಅಂದಾಜಿನ ಮೇಲೆ 3 ಕಾಣ್ತಿತ್ತು. ಅದು 9.43ಓ, 943ಓ, 94,300ಓ ಅಂತ ಆ ಪಟ್ಟಿಗೆ ಗೊತ್ತಿರ್ತಿರಲಿಲ್ಲ. ಬಿಂದು ಎಲ್ಲಿಡಬೇಕು ಅನ್ನೋದು ನಮ್ಮ ತಲೆಯ ಕೆಲಸ. ಹಾಗಾಗಿ ಲೆಕ್ಕಕ್ಕೆ ಮುಂಚೆ ಅಂದಾಜು ಕಡ್ಡಾಯ. ಬಿಳಿ ಹಲಗೆಯವರು ಈಗ ಕೋರ್ಸಿನಲ್ಲಿ ಬೇಕು ಅಂತಿರೋದು ನಮಗೆ ಬಲವಂತವಾಗಿಯೇ ಸಿಕ್ಕಿತ್ತು. 1972ರಲ್ಲಿ ಹೆಚ್‌ಪಿಯವರ ಜೇಬಿನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಂತು, ಕೆಲವೇ ವರ್ಷದಲ್ಲಿ ಸ್ಲೈಡ್ ರೂಲ್ ಷೋಕೇಸಿಗೆ ಸೇರಿತು.

ಹಾಗಂತ ನಾನು ಹಳೇದೇ ಚೆಂದ ಅನ್ನೋ ಪೈಕಿ ಅಲ್ಲ. ನೀರಾವರಿ ಇಲಾಖೆಯಲ್ಲಿ ಭದ್ರಾ ನಾಲೆಯ ಲೆಕ್ಕ ಮಾಡಿದವನು. ನಾಲೆಯಲ್ಲಿ ನೀರಿನ ಆಳ ಕೊಟ್ರೆ ಎಷ್ಟು ನೀರು ಹರಿಯುತ್ತೆ ಅಂತ ಮ್ಯಾನಿಂಗ್ ಸೂತ್ರದಲ್ಲಿ ಸಲೀಸಾಗಿ ಸಿಗುತ್ತೆ. ಆದ್ರೆ ರೈತರಿಗೆ ಇಷ್ಟು ನೀರು ಬಿಡಬೇಕು, ಆಳ ಎಷ್ಟಾಗುತ್ತೆ ಅಂತ ತಿರುಗಿಸಿ ಕೇಳಿ ನೋಡಿ. ಇಳಿಜಾರು ದಂಡೆಯ ನಾಲೆಯಲ್ಲಿ ಆಳ ಅನ್ನೋದು ಅಡ್ಡಕೊಯ್ತದ ವಿಸ್ತೀರ್ಣದಲ್ಲೂ ಇದೆ, ಒದ್ದೆಯಾಗೋ ಸುತ್ತಳತೆಯಲ್ಲೂ ಇದೆ, ಮೇಲೆ ಮೂರನೇ ಎರಡು ಘಾತ ಬೇರೆ. ಸಮೀಕರಣದಿಂದ ಆಳವನ್ನು ಬಿಡಿಸಿ ಒಂದು ಕಡೆ ತರೋಕೆ ಆಗಲ್ಲ. ಒಂದು ಆಳ ಊಹಿಸೋದು, ಲೆಕ್ಕ ಹಾಕೋದು, ಜಾಸ್ತಿ ಬಂದ್ರೆ ಇಳಿಸೋದು, ಕಮ್ಮಿ ಬಂದ್ರೆ ಏರಿಸೋದು. ಸಂಜೆಗಳೆಲ್ಲ ಇದರಲ್ಲೇ ಕಳೀತಿದ್ವು. ಈಗ ನ್ಯೂಟನ್-ರಾಫ್ಸನ್ ವಿಧಾನದಲ್ಲಿ ನಾಲ್ಕೈದು ಸಾಲು ಬರೆದ್ರೆ ಕಣ್ಣು ಮಿಟುಕಿಸೋದ್ರೊಳಗೆ ಉತ್ತರ. ಇದನ್ನ ಬೇಡ ಅನ್ನೋಕೆ ನನಗೇನು ಹುಚ್ಚಾ?

ನನ್ನ ಮಾತು ಇಷ್ಟೇ. ಹುಡುಗ ಕೈಯಲ್ಲಿ ಎರಡು ಸಲ ಏರಿಸಿ ಇಳಿಸಿ ನೋಡಿರಲಿ, ಆಮೇಲೆ ಯಂತ್ರಕ್ಕೆ ಕೊಡಲಿ. ಎರಡು ಸಲ ಸಾಕು, ಇಪ್ಪತ್ತು ಸಲ ಬೇಡ.

ಮೂರನೇ_ಸೆಮ್
ಇಂಥ ಉದಾಹರಣೆ ನಮ್ಮ ಮ್ಯಾನುಯಲ್ಲಲ್ಲಿ ಒಂದೂ ಇರಲಿಲ್ಲ ನೋಡಿ. ಎಲ್ಲ ಚೆನ್ನಾಗಿ ಉತ್ತರ ಬರೋ ಲೆಕ್ಕಗಳೇ.

ಬಿಳಿ_ಹಲಗೆ
ಹಾಗಾದರೆ ಉತ್ತರ ಬಾರದ ಲೆಕ್ಕ ಒಂದು ಮಾಡು. 10ಎಕ್ಸ್ + 2ವೈ = 12, ಎಕ್ಸ್ + 5ವೈ = 6. ಎರಡೂ 1 ಎಂದು ಕಣ್ಣಿಗೇ ಕಾಣುತ್ತದೆ. ಗಾಸ್-ಸೈಡಲ್‌ನಲ್ಲಿ ಮೊದಲ ಸಾಲಿನಿಂದ ಎಕ್ಸ್, ಎರಡನೆಯದರಿಂದ ವೈ. ಸೊನ್ನೆಯಿಂದ ಶುರು ಮಾಡಿದರೆ ಮೊದಲ ಸುತ್ತಿಗೆ 1.2 ಮತ್ತು 0.96, ಎರಡನೆಯದಕ್ಕೆ 1.008 ಮತ್ತು 0.9984. ಈಗ ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿ, ಅದೇ ಪ್ರೋಗ್ರಾಮಿಗೆ ಕೊಡು.

ಮೂರನೇ_ಸೆಮ್
ಸರ್!! ಎಕ್ಸ್ 6, ವೈ ಮೈನಸ್ 24, ಆಮೇಲೆ 126, ಮೈನಸ್ 624... ಓಡಿ ಹೋಗ್ತಾ ಇದೆ. ಸಮೀಕರಣ ಅವೇ ಅಲ್ವಾ? ಪ್ರೋಗ್ರಾಮಲ್ಲಿ ಒಂದಕ್ಷರ ಮುಟ್ಟಿಲ್ಲ.

ಬಿಳಿ_ಹಲಗೆ
ಸಮೀಕರಣ ಅವೇ. ಆದರೆ ಪ್ರತಿ ಸಾಲಿನಲ್ಲೂ ಕರ್ಣದ ಮೇಲಿನ ಸಂಖ್ಯೆ (ಮೊದಲ ಸಾಲಿನಲ್ಲಿ ಎಕ್ಸ್ ಜೊತೆಗಿನದು, ಎರಡನೆಯದರಲ್ಲಿ ವೈ ಜೊತೆಗಿನದು), ಚಿಹ್ನೆ ಬಿಟ್ಟು ನೋಡಿದರೆ, ಆ ಸಾಲಿನ ಉಳಿದ ಗುಣಕಗಳ ಮೊತ್ತಕ್ಕಿಂತ ದೊಡ್ಡದಾಗಿರಬೇಕೆಂಬ ಮಾತು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರುತ್ತದೆ, ಎಲ್ಲರೂ ಹಾರಿಸುತ್ತಾರೆ. ಹಾಗಿದ್ದರೆ ವಿಧಾನ ಖಂಡಿತ ದಡ ಸೇರುತ್ತದೆ. ಸಾಲು ಬದಲಿಸಿದಾಗ ಆ ಭರವಸೆ ಹೋಯಿತು, ಪ್ರತಿ ಹೆಜ್ಜೆಗೂ ದೋಷ ಐದು ಪಟ್ಟಾಯಿತು. ಉತ್ತರ 1 ತಾನೇ, ನಿನ್ನ ಸಂಖ್ಯೆಗಳು ಅದರಿಂದ ಎಷ್ಟು ದೂರ ನೋಡು: 5, 25, 125, 625.

ಮೂರನೇ_ಸೆಮ್
ಅಬ್ಬಾ. ಇದನ್ನ ಫಸ್ಟ್ ಸೆಮ್ಮಲ್ಲಿ ಯಾರಾದ್ರೂ ತೋರಿಸಿದ್ರೆ ಲ್ಯಾಬ್ ಬಂಕ್ ಮಾಡ್ತಿರ್ಲಿಲ್ಲ.

ಗಾಳಿಯಂತ್ರ
ಕೂಲಿಯವರ ಎಐ ಮಾತಿಗೆ ಉತ್ತರ ಕೊಡೋಕೆ ಕಾಯ್ತಿದ್ದೆ. ನನ್ನ ಕೆಲಸ ಚಿತ್ರದುರ್ಗದ ಕಡೆ ವಿಂಡ್‌ಮಿಲ್ಲುಗಳ ಜೊತೆ. ಹೈವೇಯಲ್ಲಿ ಬರೋವಾಗ ಗುಡ್ಡದ ಮೇಲೆ ಸಾಲಾಗಿ ತಿರುಗೋದು ಎಲ್ಲರೂ ನೋಡಿರ್ತೀರಿ. ಗಾಳಿಯಲ್ಲಿರೋ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ಸೆಕೆಂಡಿಗೆ 6 ಮೀಟರ್ ಇದ್ದದ್ದು 8 ಆದ್ರೆ ಶಕ್ತಿ ಸುಮಾರು 2.37 ಪಟ್ಟು.

ಟ್ರೈನಿಂಗಿಗೆ ಬರೋ ಹುಡುಗರಿಗೆ ನಾನು ಒಂದು ಲೆಕ್ಕ ಕೊಡ್ತೀನಿ. ಅರ್ಧ ದಿನ ಗಾಳಿ 4 ಮೀಟರು, ಇನ್ನರ್ಧ ದಿನ 8. ಸಿಗೋ ಶಕ್ತಿ ಹೋಲಿಸಿ. ಬಹಳಷ್ಟು ಜನ ಸರಾಸರಿ 6 ತೆಗೆದು, ಘನ ಮಾಡಿ 216 ಅಂತಾರೆ. ಸಾಫ್ಟ್‌ವೇರ್ ಯಾವ ತಕರಾರೂ ಇಲ್ದೆ 216 ಕೊಡುತ್ತೆ. ಗ್ರಾಫೂ ಬಣ್ಣಬಣ್ಣವಾಗಿ ಬರುತ್ತೆ. ಆದ್ರೆ ಮಾಡಬೇಕಾದ್ದು ಮೊದ್ಲು ಘನ, ಆಮೇಲೆ ಸರಾಸರಿ: 64 ಮತ್ತು 512 ಕೂಡಿಸಿ ಅರ್ಧ ಮಾಡಿದ್ರೆ 288. ಮೂರನೇ ಒಂದು ಭಾಗ ಜಾಸ್ತಿ! ಒಂದು ಟರ್ಬೈನ್ ಲಾಭವೋ ನಷ್ಟವೋ ಅನ್ನೋದು ಅಷ್ಟರಲ್ಲೇ ತೀರ್ಮಾನ ಆಗಿಬಿಡಬಹುದು.

ಪ್ರಶ್ನೆ ಸರಿಯಾಗಿ ಕೇಳಿದ್ರೆ ಎಐ ಕೂಡ 288 ಕೊಡುತ್ತೆ, ಇಲ್ಲ ಅನ್ನಲ್ಲ. "ಸರಾಸರಿ ಗಾಳಿ 6, ಶಕ್ತಿ ಲೆಕ್ಕ ಹಾಕು" ಅಂತ ಕೇಳಿದವನಿಗೆ 216ಕ್ಕೆ ತಕ್ಕ ಉತ್ತರ ಬಂದ್ರೆ ತಪ್ಪು ಯಾರದ್ದು? ವರದಿಗೆ ಸಹಿ ಹಾಕೋನು ಇಂಜಿನಿಯರು ಸ್ವಾಮಿ.

ಕೋಡ್_ಕೂಲಿ
ಲೆಕ್ಕ ಒಪ್ಪಿದೆ. ಆದ್ರೆ ಇದು ಗಣಿತದ ತಿಳಿವಳಿಕೆ, ಮ್ಯಾಟ್‌ಲ್ಯಾಬಿನದ್ದಲ್ಲ. ನೀವೆಲ್ಲ ಸುತ್ತಿ ಬಳಸಿ ಅಪ್ಪನ ಪಾರ್ಟಿಗೇ ಸೇರಿದ್ರಿ.

ಪೆಂಗ್ವಿನ್_ಹರಿಹರ
ಇಲ್ಲ ಮಾರಾಯ್ರೇ. ಮ್ಯಾಟ್‌ಲ್ಯಾಬ್ ಹುಟ್ಟಿದ ಕಥೆ ನೋಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಕ್ಲೀವ್ ಮೋಲರ್ ಅನ್ನೋ ಗಣಿತದ ಪ್ರೊಫೆಸರು, ವಿದ್ಯಾರ್ಥಿಗಳು ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯೋ ಗೋಜಿಲ್ಲದೆ ಮ್ಯಾಟ್ರಿಕ್ಸ್ ಲೆಕ್ಕ ಮಾಡ್ಲಿ ಅಂತ ಬರೆದದ್ದು ಅದು. 1984ರಲ್ಲಿ ಕಂಪನಿ ಆಗಿದ್ದು ಆಮೇಲೆ. ಗಣಿತ ಆಮೇಲೆ, ಮಷೀನು ಮೊದ್ಲು ಅಂತಾಗ್ಲಿ, ಅದರ ಉಲ್ಟಾ ಆಗ್ಲಿ ಅವರ ತಲೆಯಲ್ಲೂ ಇರ್ಲಿಲ್ಲ. ಎರಡೂ ಒಂದೇ ಬೆಂಚಲ್ಲಿ ಕೂತಿದ್ವು.

ವಿದ್ಯಾನಗರದ_ಅಕ್ಕ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸೆಂಟರಿಗೆ ಹೋಗಿ ಬಂದೆ. ಬಿಳಿ ಹಲಗೆ ಸರ್ ಹೇಳಿದ ಪ್ರಶ್ನೆ ಕೇಳ್ದೆ. "ಮೇಡಂ, ಉತ್ತರ ಸಾಫ್ಟ್‌ವೇರೇ ಕೊಡುತ್ತಲ್ಲ, ಮುಂಚೆ ಯಾಕೆ ಬರೀಬೇಕು" ಅಂದ್ರು. ಎರಡು ಹುಡುಗರಿಗೆ ಒಂದು ಕಂಪ್ಯೂಟರಂತೆ. ಪ್ಲೇಸ್‌ಮೆಂಟಿಗೆ ಉಪಯೋಗ ಅಂತ ಮಾತ್ರ ಮಾತಿಗೊಮ್ಮೆ ಹೇಳಿದ್ರು, ಇವನಿನ್ನೂ ಕಾಲೇಜಿಗೇ ಕಾಲಿಟ್ಟಿಲ್ಲ! ಸೇರಿಸ್ಲಿಲ್ಲ. ಅಪ್ಪ ತಾವೇ ಗೆದ್ದೆ ಅಂದ್ಕೊಂಡಿದ್ದಾರೆ, ಇವನು ಮುಖ ಊದಿಸ್ಕೊಂಡು ಕೂತಿದ್ದಾನೆ. ಈ ಚರ್ಚೆನ ಅವನ ಕೈಗೆ ಕೊಟ್ಟಿದ್ದೀನಿ, ಓದ್ಲಿ.

ಗೇಮರ್_ತಮ್ಮ
ನಾನೇ ಆ ತಮ್ಮ. ಅಕ್ಕ ಊರಿಗೆಲ್ಲ ನನ್ನ ಬಗ್ಗೆ ಹೇಳಿದ್ದಾಳೆ, ಇರಲಿ.

ಗಾಳಿ ಲೆಕ್ಕ ಕೈಯಲ್ಲಿ ಮಾಡ್ದೆ, 288 ಬಂತು. ಆಮೇಲೆ ಫೋನಿನ ಬ್ರೌಸರಲ್ಲಿ ಕೋಲ್ಯಾಬ್ (ಆನ್‌ಲೈನಲ್ಲೇ ಪೈಥಾನ್ ಓಡಿಸೋ ಗೂಗಲ್ ತಾಣ) ತೆಗೆದು ಪೈಥಾನಲ್ಲಿ ಮಾಡ್ದೆ, ಅದೂ ಸರಿ. ಆದ್ರೆ ಸುಮ್ನೆ 0.1 + 0.2 ಹಾಕಿದ್ರೆ 0.30000000000000004 ಬರ್ತಿದೆ. ಇದು ಫೋನಿನ ತಪ್ಪಾ? ಇನ್ನೊಂದು, ಮನೆಯ ಹಳೇ ಲ್ಯಾಪ್‌ಟಾಪಿಗೆ 4 ಜಿಬಿ ರ‍್ಯಾಮ್ ಇದೆ, ಆಕ್ಟೇವ್ ನಡೆಯುತ್ತಾ?

ಪೆಂಗ್ವಿನ್_ಹರಿಹರ
ಆಕ್ಟೇವ್ ಆರಾಮಾಗಿ ನಡೆಯುತ್ತೆ, ಹಾಕ್ಕೋ. ಫೋನ್ ಸರಿಯಾಗಿದೆ. ನಮ್ಮ ಹತ್ತರ ಪದ್ಧತಿಯಲ್ಲಿ ಮೂರನೇ ಒಂದನ್ನ 0.333 ಅಂತ ಬರೆದು ಮುಗಿಸೋಕೆ ಆಗಲ್ವಲ್ಲ, ಹಾಗೇ ಕಂಪ್ಯೂಟರಿನ ಎರಡರ ಪದ್ಧತಿಯಲ್ಲಿ 0.1 ಮುಗಿಯಲ್ಲ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಸಣ್ಣದು ಅಂತ ನಗಬೇಡ. 1991ರಲ್ಲಿ ಸೌದಿಯ ಧಹರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ-ತಡೆ ವ್ಯವಸ್ಥೆ ಕಾಲವನ್ನ ಸೆಕೆಂಡಿನ ಹತ್ತನೇ ಒಂದರಲ್ಲಿ ಎಣಿಸ್ತಿತ್ತು. ನೂರು ಗಂಟೆ ಸತತ ಓಡಿದ ಮೇಲೆ ಆ ಕತ್ತರಿಸಿದ ಚೂರುಗಳೇ ಸೇರಿ ಗಡಿಯಾರ 0.34 ಸೆಕೆಂಡ್ ತಪ್ಪಿತ್ತು. ಬರ್ತಿದ್ದ ಸ್ಕಡ್ ಕ್ಷಿಪಣಿಯನ್ನ ತಡೆಯೋಕೆ ಆಗ್ಲಿಲ್ಲ, 28 ಸೈನಿಕರು ಸತ್ರು.

ಜಗಳೂರು_ಹುಡ್ಗಿ
ತಮ್ಮಾ, ಜಿಯೋಜೀಬ್ರಾನೂ ಹಾಕ್ಕೋ. ಮತ್ತೆ ಲ್ಯಾಬಲ್ಲಿ ಮ್ಯಾನುಯಲ್ ಕಾಪಿ ಹೊಡೆಯೋದಿದ್ರೂ ಒಂದು ಸಂಖ್ಯೆನಾದ್ರೂ ಬದಲಾಯಿಸಿ ನೋಡು. ಮಜಾ ಇರೋದು ಅಲ್ಲೇ.

ಬಿಳಿ_ಹಲಗೆ
ಆಕ್ಟೇವ್ ಹಾಕಿಕೊಂಡ ಮೇಲೆ ಟ್ಯಾನ್ ಎಕ್ಸ್‌ನ ಗ್ರಾಫ್ ಸೊನ್ನೆಯಿಂದ 6ರವರೆಗೆ ಬಿಡಿಸು. ನಡುವೆ ಎರಡು ಕಡೆ ನೆಟ್ಟಗೆ ಲಂಬ ಗೆರೆ ಬರುತ್ತದೆ. ಆ ಗೆರೆಗಳು ಗಣಿತದವೋ, ಯಂತ್ರದವೋ?

ಗೇಮರ್_ತಮ್ಮ
ಬಂತು ಸರ್, 1.57ರ ಹತ್ರ ಒಂದು, 4.71ರ ಹತ್ರ ಒಂದು. ಅಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ, ಅಂದ್ಮೇಲೆ ಗೆರೆ ಇರಬಾರದು. ಈಚೆ ಬಿಂದು ಮೇಲೆ ಇದೆ, ಆಚೆ ಬಿಂದು ಕೆಳಗಿದೆ, ಅದು ಸುಮ್ನೆ ಎರಡಕ್ಕೂ ಗೆರೆ ಎಳೆದಿದೆ. ಯಂತ್ರದ್ದೇ. ಇನ್ನೊಂದು ಲೆಕ್ಕ ಹಾಕಿ ಸರ್.